ಬ್ರಹ್ಮಾವರದ ಹತ್ತಿರ ಹೊತ್ತುತ್ತಿದ್ದ ದೀಪ

ಕಾರಿನ ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಇಂಜಿನ್ನಿನ ಚಿತ್ರವಿರುವ ಒಂದು ಹಳದಿ ದೀಪ ಇರುತ್ತದೆ. ತೊಂದರೆ ಇಲ್ಲದವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ನಾನು ಈ ವರ್ಷ ಗಂಡನ ಮುಖಕ್ಕಿಂತ ಹೆಚ್ಚು ಹೊತ್ತು ಆ ದೀಪವನ್ನು ನೋಡಿದ್ದೇನೆ. ಉಪ್ಪುಂದದಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ಬಾಯಿಗೆ ಹೆದರದವರಿಲ್ಲ. ಅಳೆದು ಕೊಡುವುದರಲ್ಲಿ ಒಂದು ಹಿಡಿ ಕಡಿಮೆ ಬಿದ್ದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಅಂಥವಳ ಕಣ್ಣೆದುರೇ ಇಬ್ಬರು ಗಂಡಸರು ಇಷ್ಟು ದೊಡ್ಡದನ್ನು ಮುಚ್ಚಿಟ್ಟರು ಎಂದರೆ, ನಾನೇ ನೋಡಲು ಹೋಗಲಿಲ್ಲ ಎಂದು ಅರ್ಥ. ಮುಂಬೈಯಲ್ಲಿ ಓದಿದ ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾರಿನ ಜಾತಕ ಹೇಳುತ್ತೇನೆ. ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಆಯುಷ್ಯ ಸವೆಸಿದ ನನ್ನ ಗಂಡ, ಮಗಳ ಮದುವೆ ಅಲ್ಲಿಯೇ ಆದ ಮೇಲೆ, ನನ್ನನ್ನು ಕರೆದುಕೊಂಡು ನನ್ನ ತವರೂರಾದ ಉಪ್ಪುಂದಕ್ಕೆ ಬಂದರು. ಮನೆಯ ಹಿಂದೆಯೇ ಸಮುದ್ರ. ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ಕಿಟಕಿಯ ಸರಳು ಉಪ್ಪುಗಾಳಿಗೆ ಪುಡಿಯಾಗಿ ಕೈಗೆ ಬರುತ್ತದೆ. ಅಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ತೆಗೆದುಕೊಂಡೆವು. ಹಿಂದಿನ ಸೀಟು ಮಡಚಿ, ಒಣಮೀನಿನ ಚೀಲ ತುಂಬಿಸಿಕೊಂಡು, ವಂಡ್ಸೆಗೂ ಸಿದ್ದಾಪುರಕ್ಕೂ ಹೋಗಿ ಮಾರಿ ಬರುತ್ತಿದ್ದೆ. ಗಂಡ ಡ್ರೈವರು, ನಾನು ಸಾಹುಕಾರ್ತಿ. ಘಟ್ಟದ ಬುಡದ ಜನಕ್ಕೆ ಮಳೆಗಾಲದಲ್ಲಿ ಒಣ ಚಟ್ಲಿ, ಎಂದರೆ ಒಣಸಿಗಡಿ, ಇಲ್ಲದೆ ಗಂಜಿ ಇಳಿಯುವುದಿಲ್ಲ, ಚೌಕಾಸಿ ಮಾಡದೆ ದುಡ್ಡು ಕೊಡಲು ಕೈಯೂ ಬಾರದು. ಅವರ ಜೊತೆ ಬಾಯಿ ಜಗಳ ಆಡುವುದೇ ನನಗೊಂದು ಸುಖವಾಗಿತ್ತು. ವ್ಯಾಪಾರ ನಿಂತು ಹೋದರೂ ಆ ವಾಸನೆ ಇನ್ನೂ ಕಾರಿನಿಂದ ಹೋಗಿಲ್ಲ.

ಎದೆಯಲ್ಲಿ ಗಂಟು ಬಂದು ಆಪರೇಷನ್ ಆದಾಗ ಅದು ಯಾವ ರೋಗ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತೆಗೆದಾಯಿತು, ಇನ್ನು ಮುಗಿಯಿತು ಎಂದುಕೊಂಡು ಮತ್ತೆ ಚೀಲ ಹೊತ್ತಿದ್ದೆ. ಈ ಸಲ ಬೆನ್ನು ಹಿಡಿದುಕೊಂಡಿತು. ಕುಳಿತರೆ ಏಳಲಾಗದು, ಎದ್ದರೆ ಕೂರಲಾಗದು. ಬ್ರಹ್ಮಾವರ ದಾಟಿ ಹೋಗಬೇಕಾದ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನ ಪಟ ತೆಗೆದರು. ಆಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಗಂಡ ಮತ್ತು ನನ್ನ ತಮ್ಮ ಡಾಕ್ಟರ ಕೋಣೆಗೆ ಹೋದರು. ನಮ್ಮ ಕಡೆ ಇದು ನಡೆದು ಬಂದ ಪದ್ಧತಿ. ರೋಗ ಯಾರದ್ದೋ ಅವರು ಹೊರಗೆ ಕೂರುವುದು, ಮನೆಯ ಗಂಡಸರು ಒಳಗೆ ಹೋಗಿ ಮಾತು ಕೇಳಿ, ಸೋಸಿ, ಹೇಳಬಹುದಾದಷ್ಟನ್ನು ಹೊರಗೆ ತರುವುದು. ಬಹಳ ಹೊತ್ತಿನ ಮೇಲೆ ತಮ್ಮ ಒಂದು ಗ್ಲಾಸು ಚಾ ಹಿಡಿದುಕೊಂಡು ಬಂದ.

"ಬೆನ್ನಗೆ ಒಂಚೂರ್ ಉಳ್ದಿತ್ತಂಬ್ರ್ ಅಕ್ಕ. ಕರೆಂಟ್ ಕೊಟ್ಟ್ ಸುಡ್ತ್ರ್. ಗುಣ ಆತ್ತ್" ಎಂದ.

ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಎನ್ನುತ್ತಾರೆ. ಚಾ ಬಿಸಿಯಿತ್ತು. ನಾನು ಊದಿ ಊದಿ ಕುಡಿದೆ. ಹಿಂದೆ ಬಂದ ಗಂಡ ಗೋಡೆಯ ಮೇಲಿನ ಬೋರ್ಡು ಓದುತ್ತ ನಿಂತಿದ್ದರು. ಇಂಗ್ಲಿಷ್ ಬೋರ್ಡು, ಅವರಿಗೆ ಓದಲು ಬಾರದು.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಮಗಳು ಮೊದಲ ಬಸುರಿ. ಏಳನೇ ತಿಂಗಳಲ್ಲಿ ತವರಿಗೆ ಕರೆತರಬೇಕು, ಬಾಣಂತನ ಅಮ್ಮ ಮಾಡಬೇಕು. ಆದರೆ ಅವಳು ಬಂದು ಕುಳಿತರೆ, ನಾನು ದಿನಾ ಆಸ್ಪತ್ರೆಗೆ ಓಡುವಾಗ ಅವಳಿಗೆ ಗಂಜಿ ಬೇಯಿಸುವವರು ಯಾರು? ಕೈಕೊಡುವ ಕಾರನ್ನು ನಂಬಿ ಬೈಂದೂರಿನ ಸ್ಟೇಷನ್ನಿನಿಂದ ಅವಳನ್ನು ಕರೆತರುವುದು ಹೇಗೆ? ಹಾಗಾಗಿ ನಾನೇ ಫೋನಿನಲ್ಲಿ ಹೇಳಿದೆ. "ಈಗ ಬಪ್ದ್ ಬ್ಯಾಡ ಮಗಾ. ನನ್ ಕರೆಂಟ್ ಮುಗಿಲಿ, ಬೆನ್ನ್ ಸಮಾ ಆಯ್ಲಿ. ಒಂಬತ್ತ್ ಹಿಡಿಯುಕ್ ಮುಂಚೆ ಕರೆಸ್ಕಂತೆ. ನಾನೇ ಮೀಸ್ತೆ ನಿನ್ನ, ನಿನ್ನ್ ಶಿಶುನ್ನ." ಅವಳು ಅತ್ತಳು. ಬರುತ್ತೇನೆ ಎಂದು ಹಟ ಮಾಡಿದಳು. ನಾನು ಗದರಿಸಿ ಸುಮ್ಮನಾಗಿಸಿದೆ. ನನ್ನ ಗಂಡ ಪಕ್ಕದಲ್ಲಿಯೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು, ತಮ್ಮ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡ. ಇಬ್ಬರೂ ಬೇಡ ಎನ್ನಲಿಲ್ಲ.

ಹಳದಿ ದೀಪ ಹತ್ತಿದ್ದು ಬೆನ್ನು ನೋವು ಶುರುವಾದ ದಿನಗಳಲ್ಲಿಯೇ. ಕಾರು ಮುಗ್ಗರಿಸುತ್ತಿತ್ತು, ಒಳಗೆಲ್ಲ ಪೆಟ್ರೋಲಿನ ಕಮಟು. ನನ್ನ ತಮ್ಮ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಅವನ ಕೈ ಮುಟ್ಟದ ಬೋಟು ಆ ದಕ್ಕೆಯಲ್ಲಿ ಇಲ್ಲ. ಕುಂದಾಪುರದ ಒಬ್ಬ ಕಾರು ಎಲೆಕ್ಟ್ರಿಷಿಯನ್ ಹತ್ತಿರ ಗಾಡಿ ಒಯ್ದು ದೋಷ ಓದುವ ಯಂತ್ರ ಚುಚ್ಚಿಸಿದ. ಅವರು ಒಂದು ಬಸ್ಸಿನ ಕೆಲಸದಲ್ಲಿ ಮುಳುಗಿದ್ದರಂತೆ. ಯಂತ್ರ ತೋರಿಸಿದ ಕೋಡು ಓದಿ, ಆಕ್ಸಿಜನ್ ಸೆನ್ಸರಿನ ಸರ್ಕ್ಯೂಟು ತೊಂದರೆ ಎಂದು ತೋರಿಸುತ್ತಿದೆ, ಸೆನ್ಸರೇ ಹೋಗಿರಬೇಕು ಎಂದು ಹೇಳಿ ಕಳುಹಿಸಿದರು. ತಮ್ಮ ಹೊಸ ಸೆನ್ಸರು ತಂದು ನಮ್ಮ ಅಂಗಳದಲ್ಲಿಯೇ ಕೂರಿಸಿದ. ಅದರ ವಯರು ಬಂದು ಸೇರುವ ಕೊಂಡಿ ಪಾಚಿಗಟ್ಟಿದ ಹಾಗೆ ಹಸಿರಾಗಿತ್ತು. ಉಪ್ಪುಗಾಳಿಯ ಕೆಲಸ ಎಂದು ಬೈದು, ಉಜ್ಜಿ ತೊಳೆದು, ಬೋಟಿನ ವಯರಿಗೆ ಮಾಡುವುದನ್ನೇ ಇದಕ್ಕೂ ಮಾಡಿದ. ಕೊಂಡಿಯ ತುಂಬ ಗ್ರೀಸು ಮೆತ್ತಿದ, ಮೇಲೆ ಟೇಪು ಬಿಗಿದ, ಅದರ ಮೇಲೆ ಬೋಟಿಗೆ ಹಚ್ಚುವ ಅಂಟು ಬಳಿದ. ಸಮುದ್ರದ ಮೇಲೆ ಬಾಯಿ ಬಿಟ್ಟುಕೊಂಡ ವಯರು ಒಂದು ವಾರ ಬದುಕುವುದಿಲ್ಲ. ನೂಲು ಹೋಗುವಷ್ಟು ಸಂದು ಬಿಟ್ಟರೂ ನೀರು ಒಳಗೆ ಹೋಗುತ್ತದೆ ಎಂದು ಅವನಿಗೆ ಕಲಿಸಿದವರು ನನ್ನ ಅಪ್ಪ.

"ಇನ್ನ್ ನೂರ್ ವರ್ಷ ಆರೂ ಇದಕ್ಕೆ ಎಂತ ಆತಿಲ್ಲ ಅಕ್ಕ" ಎಂದು ಕೈ ಒರೆಸಿಕೊಂಡ.

ದೀಪ ಆರಿತು. ಅದೇ ದಿನ ನನಗೆ ಮೊದಲ ಸಲ ಕರೆಂಟು ಕೊಟ್ಟರು. ನಾನು ಮೀನುಗಾರರ ಮನೆಯ ಹೆಣ್ಣು. ನನ್ನ ಅಪ್ಪ ದೋಣಿಗೆ ಹೊರಟಾಗ ಯಾರಾದರೂ ಹಿಂದಿನಿಂದ ಕರೆದರೆ ಬಲೆ ಕೆಳಗಿಟ್ಟು ಮನೆಗೆ ಬಂದು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಶಕುನ ನೋಡುವುದು ನಮಗೆ ಯಾರೂ ಕಲಿಸಿಕೊಟ್ಟದ್ದಲ್ಲ, ಅದು ಊಟದ ಜೊತೆ ಬಂದದ್ದು. ಆಸ್ಪತ್ರೆಯಿಂದ ಬರುವಾಗ ಗಂಡನಿಗೆ ಹೇಳಿದೆ. "ಕಾಣಿ, ದೀಪ ಹೋಯ್ತ್. ಇನ್ನ್ ನಂದೂ ಹೋತ್ತ್." ಅವರು ನಕ್ಕ ಹಾಗೆ ಮಾಡಿದರು, ಮತ್ತೆ ಕಣ್ಣು ಉಜ್ಜಿಕೊಂಡರು. ಧೂಳು ಎಂದುಕೊಂಡೆ. ಮಗಳಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಕಾರಿನ ದೀಪ ಹೋದರೆ ನನ್ನ ಬೆನ್ನೂ ಸಮ ಆಗುತ್ತದೆ, ನೀನು ಬೇಕಾದರೆ ಬರೆದಿಟ್ಟುಕೋ ಎಂದೆ. ಅವಳಿಗೂ ಅದೊಂದು ಆಟವಾಯಿತು. ದಿನಾ ಫೋನು ಮಾಡಿ ಮೊದಲು ಕೇಳುತ್ತಿದ್ದದ್ದು, "ಅಮ್ಮ, ದೀಪ ಎಂತ ಹೇಳ್ತ್?"

ಮರುದಿನ ಬ್ರಹ್ಮಾವರದ ಹತ್ತಿರ ದೀಪ ಮತ್ತೆ ಹೊತ್ತಿತು.

ಆ ಸಂಜೆ ನಾನು ಊಟ ಮಾಡಲಿಲ್ಲ. ಬೆನ್ನು ಕೂಡ ಆ ಸಂಜೆಯೇ ಜಾಸ್ತಿ ಬೇನೆ ಕೊಟ್ಟಿತು. ಆದರೆ ಮಾರನೆಯ ಬೆಳಿಗ್ಗೆ ಕಾರು ಹತ್ತಿ ಕುಳಿತರೆ ದೀಪವಿಲ್ಲ. ಉಪ್ಪುಂದದಲ್ಲಿ ಇಲ್ಲ, ಮರವಂತೆಯಲ್ಲಿ ಇಲ್ಲ, ಕುಂದಾಪುರದ ಸೇತುವೆ ದಾಟಿದರೂ ಇಲ್ಲ. ಕೋಟ, ಸಾಲಿಗ್ರಾಮ ಕಳೆದು ಬ್ರಹ್ಮಾವರದ ಹತ್ತಿರ ಬರುವಾಗ ಪೆಟ್ರೋಲಿನ ವಾಸನೆ ಏಳುತ್ತಿತ್ತು, ಕಾರು ಎರಡು ಸಲ ಬಿಕ್ಕಳಿಸುತ್ತಿತ್ತು, ಪಕ್ ಎಂದು ದೀಪ ಹೊತ್ತಿಕೊಳ್ಳುತ್ತಿತ್ತು. ಹೀಗೆ ದಿನಾ. ಬೆಳಿಗ್ಗೆ ಇಲ್ಲ, ಬ್ರಹ್ಮಾವರದಲ್ಲಿ ಉಂಟು. ನಾನು ಸೆರಗಿನ ತುದಿ ಮುದ್ದೆ ಮಾಡಿ ಹಿಡಿದುಕೊಂಡು ಇವತ್ತೊಂದು ದಿನ ಬ್ರಹ್ಮಾವರ ದಾಟಿಸು ದೇವರೇ ಎಂದು ಕೂರುತ್ತಿದ್ದೆ. ಯಾವ ಊರಿನಲ್ಲಿ ಹೊತ್ತುತ್ತದೆ ಎಂಬುದರ ಮೇಲೆ ನನ್ನ ದಿನದ ಹಣೆಬರಹ. ಒಂದು ದಿನ ಕೋಟದಲ್ಲಿಯೇ ಹೊತ್ತಿತು, ಅವತ್ತು ನಾನು ಆಸ್ಪತ್ರೆಯಲ್ಲಿ ನರ್ಸಿನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಇನ್ನೊಂದು ದಿನ ಬ್ರಹ್ಮಾವರ ದಾಟಿಯೂ ಹೊತ್ತಲಿಲ್ಲ. ಅವತ್ತು ಬರುವ ದಾರಿಯಲ್ಲಿ ಅಂಗಡಿಯ ಹತ್ತಿರ ನಿಲ್ಲಿಸಿ ಮಗುವಿಗೆ ಎಂದು ಎರಡು ಗಜ ಮೆತ್ತನೆ ಬಟ್ಟೆ ಕೊಂಡೆ. ಅಂಗಡಿಯಿಂದ ಹೊರಟು ಸ್ವಲ್ಪ ಮುಂದೆ ಬರುವಷ್ಟರಲ್ಲಿ ಹೊತ್ತಿತು. ಬಟ್ಟೆಯ ಪೊಟ್ಟಣವನ್ನು ಕಾಲ ಬುಡದಲ್ಲಿ ಹಾಕಿ ಕಣ್ಣು ಮುಚ್ಚಿಕೊಂಡೆ. ಇಂಥದ್ದೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಬೈದು ಕಳುಹಿಸುತ್ತಿದ್ದೆ. ನಂಬದೆ ಬೇರೆ ಏನಿತ್ತು ನನ್ನ ಹತ್ತಿರ?

ಮನೆಯಲ್ಲಿ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಚಿ ಇಟ್ಟಿದ್ದೆ, ಕೂಸಿಗೆ ಸುತ್ತಲು. ಬಚ್ಚಲಿನ ಹಂಡೆಗೆ ಕಲಾಯಿ ಹಾಕಿಸಿದ್ದೆ. ಗಂಡ ಅದನ್ನೆಲ್ಲ ನೋಡಿಕೊಂಡು ಓಡಾಡುತ್ತಿದ್ದರು, ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಕಾರು ಬಿಸಿ ಮಾಡುತ್ತೇನೆ ಎಂದು ಹೊರಗೆ ಹೋಗುತ್ತಿದ್ದರು. ಈ ಸೆಕೆ ಊರಿನಲ್ಲಿ ಕಾರು ಬಿಸಿ ಮಾಡುವುದು ಏನು ಎಂದು ಆಗ ನನಗೆ ಹೊಳೆಯಲಿಲ್ಲ.

ಚಿಕಿತ್ಸೆ ಮುಗಿಯುತ್ತ ಬಂದಾಗ ಒಂದು ದಿನ, ಬರುವ ದಾರಿಯಲ್ಲಿ, ಬ್ರಹ್ಮಾವರದ ಪೇಟೆಯ ನಡುವೆ ಕಾರು ನಿಂತೇ ಹೋಯಿತು. ಹಿಂದಿನಿಂದ ಬಸ್ಸು, ಲಾರಿ ಹಾರ್ನು ಹಾಕುತ್ತಿವೆ. ಯಾರೋ ನಾಲ್ಕು ಜನ ಬಂದು ಬದಿಗೆ ದೂಡಿದರು. ನಾನು ಇಳಿಯುತ್ತೇನೆ ಎಂದರೆ ಗಂಡ ಬಿಡಲಿಲ್ಲ. ಕಾರಿನೊಳಗೆ ಕುಳಿತು ಊರಿನವರ ಕೈಯಲ್ಲಿ ದೂಡಿಸಿಕೊಳ್ಳುವುದಕ್ಕಿಂತ ಸಾಯುವುದು ಲೇಸು ಎನಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಆಯಿತು. ಹಾಗೇ ನಿಧಾನ ಬಂದು ಕುಂದಾಪುರದ ಅದೇ ಎಲೆಕ್ಟ್ರಿಷಿಯನ್ ಶೆಡ್ಡಿಗೆ ಹೋದೆವು. ಗಂಡ ಫೋನು ಮಾಡಿದ್ದಕ್ಕೆ ತಮ್ಮನೂ ಬಂದರಿನಿಂದ ಬೈಕಿನಲ್ಲಿ ಬಂದ.

ಮಧ್ಯಾಹ್ನ ಕಳೆದಿತ್ತು. ನಾನು ಸೀಟು ಹಿಂದಕ್ಕೆ ವಾಲಿಸಿ, ಬಾಗಿಲು ತೆರೆದು, ಕಾರಿನಲ್ಲಿಯೇ ಒರಗಿದ್ದೆ. ಎಲೆಕ್ಟ್ರಿಷಿಯನ್ ದಪ್ಪ ಆಳು, ಮುಂಗೋಪಿ, ನನ್ನದೇ ಜಾತಿಯ ನಾಲಗೆ. ಸ್ಟೇರಿಂಗಿನ ಕೆಳಗೆ ಯಂತ್ರದ ಕೊಂಡಿ ಚುಚ್ಚಿ ಪರದೆ ನೋಡಿದರು. ನೋಡಿ ಗಂಡನ ಕಡೆ ತಿರುಗಿದರು.

"ಕೋಡ್ ಅಳ್ಸದ್ ಯಾರ್?"

ಗಂಡ ಅಂಗಿಯ ಜೇಬು ಮುಟ್ಟಿಕೊಂಡರು.

"ಇವತ್ತ್ ಬೆಳಿಗ್ಗೆ ಅಳ್ಸಿರಿ. ಅಳ್ಸದ್ ಮೇಲೆ ಎಷ್ಟ್ ದೂರ ಓಡಿತ್ತ್ ಅಂದೇಳಿ ಇದ್ರಗೆ ಬತ್ತ್ ಮರಾಯ್ರೆ. ಆಸ್ಪತ್ರೆಗೆ ಹೋಯಿ ಬಂದಷ್ಟೇ ಇತ್ತ್. ದಿನಾ ಅಳ್ಸಿರೆ ನಾ ಎಂತ ಕಾಂಬ್ದ್? ಯಾವಾಗ ತೊಂದ್ರೆ ಆಯ್ತ್, ಇಂಜಿನ್ ಎಷ್ಟ್ ಬಿಸಿ ಇದ್ದಿತ್ತ್, ಎಲ್ಲ ಅದ್ರಗೆ ಉಳಿತ್ತ್. ನೀವ್ ಒರ್ಸಿ ಒರ್ಸಿ ಇಟ್ರೆ ಯಾರಿಗೂ ಎಂತದೂ ಗೊತ್ತಾತಿಲ್ಲ."

ಗಂಡನ ಕಿವಿ ಕೆಂಪಾಯಿತು. ಅಂಗಿಯ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಕಪ್ಪು ಯಂತ್ರ ತೆಗೆದು ಅವರ ಕೈಯಲ್ಲಿಟ್ಟರು. ಮೊಬೈಲಿಗೆ ಸೇರಿಸಿ ಕೋಡು ಅಳಿಸುವಂಥದ್ದು. ನನ್ನ ಕಡೆ ನೋಡಲಿಲ್ಲ. ನಾನು ಕಣ್ಣು ಮುಚ್ಚಿದ್ದೇನೆ ಎಂದುಕೊಂಡಿದ್ದರೋ ಏನೋ. ನಾನು ಅವರನ್ನೇ ನೋಡುತ್ತಿದ್ದೆ. ಇಷ್ಟು ದಿನ ನಾನು ದೇವರಿಗೆ ಕೈ ಮುಗಿದು ಬೇಡಿಕೊಂಡ ದೀಪ, ಬೆಳಿಗ್ಗೆ ಬೆಳಿಗ್ಗೆ ಇವರ ಜೇಬಿನೊಳಗಿಂದ ಆರುತ್ತಿತ್ತು. ಆಸ್ಪತ್ರೆಯ ಬೆಂಚು ನೆನಪಾಯಿತು, ತಮ್ಮ ತಂದ ಚಾ ನೆನಪಾಯಿತು, ಇಂಗ್ಲಿಷ್ ಬೋರ್ಡು ಓದುತ್ತಿದ್ದ ಗಂಡನ ಬೆನ್ನು ನೆನಪಾಯಿತು.

ಎಲೆಕ್ಟ್ರಿಷಿಯನ್ ಮೀಟರು ಹಿಡಿದು ಒಂದೊಂದೇ ವಯರು ನೋಡಿದರು. ಫ್ಯೂಸು ಸರಿಯಿದೆ, ವಯರು ಎಲ್ಲೂ ತುಂಡಾಗಿಲ್ಲ, ಹೊಗೆಯ ಕೊಳವೆ ಎಲ್ಲೂ ಸೋರುವುದಿಲ್ಲ. ಇಂಜಿನ್ ಓಡುತ್ತಿರುವಾಗ ಪರದೆಯ ಮೇಲಿನ ಗೆರೆ ಮೇಲೆ ಕೆಳಗೆ ಕುಣಿಯಬೇಕಂತೆ. ಇದು ಮೊದಲು ಸ್ವಲ್ಪ ಕುಣಿದು, ಬರಬರುತ್ತ ಸೋತು, ತಳದಲ್ಲಿ ಮಲಗಿತು. ಅವರು ತಲೆ ಕೆರೆದುಕೊಂಡು ಬಾನೆಟ್ಟಿನೊಳಗೆ ಬಗ್ಗಿ ಬಹಳ ಹೊತ್ತು ಹುಡುಕಿದರು. ಆಮೇಲೆ ಎದ್ದು ನಿಂತು ಕೇಳಿದರು.

"ಇದ್ನ ಹೀಂಗ್ ಕಟ್ಟದ್ ಯಾರ್?"

"ನಾನ್" ಎಂದ ತಮ್ಮ, ಎದೆ ಸ್ವಲ್ಪ ಮುಂದೆ ಮಾಡಿ. "ಉಪ್ಪುಗಾಳಿ ಒಳಗ್ ಹೋಗ್ದೆ ಇರ್ಲಿ ಅಂದೇಳಿ."

"ದೋಣಿ ಅಂದ್ಕಂಡ್ರ್ಯಾ ಇದ್ನ? ಹ್ವಾಯ್, ಈ ಸೆನ್ಸರ್ ಮಾಡ್ದೇ ಅದ್. ಒಳಗಿನ್ ಹೊಗೆ, ಹೊರಗಿನ್ ಗಾಳಿ, ಎರಡ್ನೂ ಹೋಲ್ಸಿ ಹೇಳ್ತ್. ಹೊರಗಿನ್ ಗಾಳಿ ಅದಕ್ಕೆ ಈ ವಯರಿನ್ ಒಳಗಿಂದ್ಲೇ ಹೋಯ್ಕ್. ನೀವ್ ಬಾಯಿ ಕಟ್ಟಿ ಇಟ್ರೆ ಅದ್ ಎಂತ ಹೇಳ್ತ್? ಸುಳ್ಳ್ ಹೇಳ್ತ್. ಗಾಳಿ ಜಾಸ್ತಿ ಆಯ್ತ್, ಪೆಟ್ರೋಲ್ ಹಾಕ್ ಅಂತ್. ಇಂಜಿನ್ ಅದ್ರ್ ಮಾತ್ ನಂಬಿ ಪೆಟ್ರೋಲ್ ಕುಡಿತ್ತ್."

ಎಲೆಕ್ಟ್ರಿಷಿಯನ್ ಚೂರಿಯಲ್ಲಿ ಅಂಟು ಕೆತ್ತಿ, ಟೇಪು ಬಿಚ್ಚಿ, ಗ್ರೀಸನ್ನು ಸ್ಪಿರಿಟ್ ಹಾಕಿ ತೊಳೆದರು. ನೀರು ಬೀಳದ ಹಾಗೆ, ಗಾಳಿ ಮಾತ್ರ ಆಡುವ ಹಾಗೆ ಕೊಂಡಿಯನ್ನು ಎತ್ತರಕ್ಕೆ ಕಟ್ಟಿದರು. ಇಂಜಿನ್ ಬಿಸಿಯಾದ ಮೇಲೆ ಪರದೆಯ ಗೆರೆ ಕುಣಿಯಲು ಶುರುಮಾಡಿತು. ಈ ಸಲ ಸೋಲಲಿಲ್ಲ. ಸೆನ್ಸರು ಹೋಗಿದೆ ಎಂದು ಆವತ್ತು ತಾನು ನೋಡದೆ ಹೇಳಿದ್ದು ತಪ್ಪಾಯಿತು ಎಂದು ಅವರೇ ಗೊಣಗಿಕೊಂಡರು. ಬಾನೆಟ್ಟು ಮುಚ್ಚಿ ಗಂಡನಿಗೆ ಹೇಳಿದರು, "ದೀಪ ಉರಿಲಿ, ಬಿಡಿ. ಅಳ್ಸುಕಾಗ. ಸಮಾ ಆಯಿದ್ರೆ ನಾಕೈದ್ ಸಲ ಓಡ್ಸದ್ ಮೇಲೆ ತನ್ನಷ್ಟಕ್ಕೇ ಹೋತ್ತ್. ನೀವ್ ಅಳ್ಸಿರೆ ಸಮಾ ಆಯ್ತಾ ಇಲ್ಯಾ ಅಂದೇಳಿ ಗೊತ್ತಾಪ್ದೇ ಇಲ್ಲ."

ಸೇತುವೆ ದಾಟಿದೆವು. ದೀಪ ಉರಿಯುತ್ತಿತ್ತು. ತಮ್ಮ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ನಾನು ಗಂಡನನ್ನು ಕೇಳಿದೆ.

"ಬೆಳಿಗ್ಗೆ ಬೆಳಿಗ್ಗೆ ಅಳ್ಸ್ತಿದ್ರಿ ಅಲ್ದಾ?"

"ಹ್ಞೂಂ."

"ಎಂತಕ್?"

"ನೀ ಅವತ್ತ್ ಅಂದ್ಯಲೆ, ದೀಪ ಹೋರೆ ನಂದೂ ಹೋತ್ತ್ ಅಂದೇಳಿ."

"ಇನ್ನೆಂತೆಲ್ಲ ಅಳ್ಸಿರಿ?"

ಅವರು ಕನ್ನಡಿಯಲ್ಲಿ ಹಿಂದಿನ ಬೈಕನ್ನು ನೋಡಿದರು.

"ಹೇಳಿ. ನಾ ಕೂಗುದಿಲ್ಲ, ಬೈಯುದಿಲ್ಲ. ಡಾಕ್ಟ್ರ್ ಎಂತ ಹೇಳ್ರ್ ಅವತ್ತ್?"

ಮರವಂತೆಯಲ್ಲಿ ಪ್ರವಾಸಿಗರು ರಸ್ತೆ ಬದಿಗೆ ಕಾರು ನಿಲ್ಲಿಸಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗಂಡ ನಿಲ್ಲಿಸಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ, ಎರಡೂ ಕೈಯಿಂದ ಸ್ಟೇರಿಂಗು ಹಿಡಿದುಕೊಂಡು ಹೇಳಿದರು.

"ಗುಣ ಆಪ್ಕೆ ಅಲ್ಲ ಅಂಬ್ರ್ ಈ ಕರೆಂಟ್. ನೋವ್ ಕಡ್ಮಿ ಆಪ್ಕೆ ಮಾತ್ರ. ಬೆನ್ನಗೆ ಒಂದೇ ಕಡೆ ಅಲ್ಲ, ಸುಮಾರ್ ಕಡೆ ಇತ್ತಂಬ್ರ್. ಲಿವರಲ್ಲೂ ಇತ್ತಂಬ್ರ್."

"ಎಷ್ಟ್ ದಿನ?"

"ಅವ್ರ್ ಹೇಳ್ಲಿಲ್ಲ. ನಾ ಕೇಣ್ಲೂ ಇಲ್ಲ."

"ನಾ ಬಾಣಂತನ ಮಾಡೂಕ್ ಆತ್ತಾ?"

ಅವರು ಗೇರು ಬದಲಿಸಿದರು. ಅಲ್ಲಿ ರಸ್ತೆ ನೇರ ಇದೆ, ಏರಿಲ್ಲ, ಇಳಿಜಾರಿಲ್ಲ, ಮುಂದೆ ಗಾಡಿಯೂ ಇರಲಿಲ್ಲ. ಸುಮ್ಮನೆ ಬದಲಿಸಿದರು.

ಕೂಗುವುದಿಲ್ಲ ಎಂದಿದ್ದೆ, ಕೂಗಲಿಲ್ಲ. ಮನೆಗೆ ಬಂದ ಮೇಲೆ ಕೂಗಿದೆ. ನನ್ನ ಸಾವು ನನ್ನದು, ಅದನ್ನು ನನ್ನನ್ನು ಕೇಳದೆ ಹಂಚಿಕೊಂಡು ತಿಂದಿರಲ್ಲ ಎಂದೆ. ಮಗಳನ್ನು ಬರಬೇಡ ಎಂದು ನಾನು ಗದರಿಸುತ್ತಿದ್ದಾಗ ಗೊಂಬೆಗಳ ಹಾಗೆ ನಿಂತು ನೋಡಿದಿರಲ್ಲ ಎಂದೆ. ಅವಳು ಬಂದಿದ್ದರೆ ಇಷ್ಟು ದಿನ ನನ್ನ ಮಗ್ಗುಲಲ್ಲಿ ಮಲಗಿರುತ್ತಿದ್ದಳು, ಅವಳ ಹೊಟ್ಟೆಯ ಮೇಲೆ ನಾನು ಕೈ ಇಟ್ಟಿರುತ್ತಿದ್ದೆ. ಆ ದಿನಗಳನ್ನು ಯಾರು ತಂದು ಕೊಡುತ್ತಾರೆ? ಗಂಡ ಅಡುಗೆಮನೆಯ ಕಟ್ಟೆಗೆ ಒರಗಿ ಒಂದೇ ಮಾತು ಹೇಳಿದರು. "ನಿಂಗ್ ಗೊತ್ತಾರೆ ನೀ ಅವತ್ತೇ ಬಿದ್ದ್ ಹೋತಿದ್ದೆ. ನಾ ಯಾರನ್ನ್ ಕಂಡ್ಕಂಡ್ ಇಪ್ದ್?" ನಾನು ಕೂಗುವುದನ್ನು ನಿಲ್ಲಿಸಿದೆ.

ತಮ್ಮ ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಉಗುರಿನ ಸಂದಿನ ಗ್ರೀಸನ್ನು ಕೀಳುತ್ತಿದ್ದ. ನಾನು ಹೋಗಿ ಅವನ ಪಕ್ಕದಲ್ಲಿ ಕುಳಿತೆ.

"ಉಪ್ಪ್ ತಾಗ್ದೆ ಇರ್ಲಿ ಅಂದೇಳಿ ಕಟ್ಟದ್ ಅಕ್ಕ" ಎಂದ. ಆಮೇಲೆ ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆ ಭುಜ ಅಲುಗಿಸಿ ಅತ್ತ. ಬೋಟಿನ ಇಂಜಿನ್ನು ಹೊತ್ತು ಹೊತ್ತು ಕಲ್ಲಾದ ಭುಜ ಅದು. ನಾನು ಅದರ ಮೇಲೆ ಕೈ ಇಟ್ಟೆ. ಸಮಾಧಾನ ಮಾಡಬೇಕಾದವಳು ನಾನೇ ಆದೆನಲ್ಲ ಎಂದು ಸಿಟ್ಟೂ ಬಂತು.

ಅದರ ನಂತರ ಆಸ್ಪತ್ರೆಗೆ ಹೋಗುವಾಗ ಉಪ್ಪುಂದದಿಂದಲೇ ದೀಪ ಉರಿಯುತ್ತಿತ್ತು. ಗಂಡ ಸ್ನಾನದ ಹೊತ್ತಿಗೆ ಹೊರಗೆ ಹೋಗಲಿಲ್ಲ. ಕಾರು ಮಾತ್ರ ಮುಗ್ಗರಿಸುವುದನ್ನು ಬಿಟ್ಟಿತ್ತು, ಪೆಟ್ರೋಲಿನ ವಾಸನೆ ಹೋಗಿ ಹಳೆಯ ಒಣಮೀನಿನ ವಾಸನೆಯೇ ಉಳಿದಿತ್ತು. ಕರೆಂಟಿನಿಂದ ನೋವೂ ಒಂದು ಚೂರು ಇಳಿದಿತ್ತು, ಅದನ್ನು ಇಲ್ಲ ಎನ್ನಲಾರೆ. ಆದರೆ ನನಗೆ ಬೆಳಗಾಗುವುದೇ ಬೇಡವಾಗಿತ್ತು. ಮಡಚಿ ಇಟ್ಟ ಸೀರೆಗಳನ್ನು ನೋಡಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ. ಕಲಾಯಿ ಹಾಕಿಸಿದ ಹಂಡೆಯಲ್ಲಿ ಯಾರು ನೀರು ಕಾಯಿಸುತ್ತಾರೆ, ಮಗುವಿನ ತಲೆಗೆ ಎಣ್ಣೆ ಯಾರು ತಟ್ಟುತ್ತಾರೆ ಎಂದು ಯೋಚಿಸುತ್ತ ಕುಳಿತರೆ ಮಧ್ಯಾಹ್ನ ಆಗಿಬಿಡುತ್ತಿತ್ತು. ಮಗಳು ಫೋನು ಮಾಡಿ ದೀಪ ಎಂತ ಹೇಳ್ತ್ ಎಂದು ಕೇಳಿದರೆ ಉರಿಯುತ್ತ ಇದೆ ಎನ್ನುತ್ತಿದ್ದೆ. ಅವಳು ಬೇಸರ ಮಾಡಿಕೊಳ್ಳಬೇಡ ಅಮ್ಮ, ಹೋಗುತ್ತದೆ ಎನ್ನುತ್ತಿದ್ದಳು.

ಚಿಕಿತ್ಸೆಯ ಕೊನೆಯ ದಿನ, ಕೋಟ ಬರುವ ಮೊದಲೇ, ದೀಪ ತನ್ನಷ್ಟಕ್ಕೇ ಹೋಯಿತು. ಇಬ್ಬರೂ ಕಂಡೆವು. ಬ್ರಹ್ಮಾವರ ಬಂತು, ಹೋಯಿತು. ದೀಪ ಹೊತ್ತಲಿಲ್ಲ. ಗಂಡ ನನ್ನ ಕಡೆ ತಿರುಗಿ ನೋಡಿದರು. ಅವರ ಕಣ್ಣಿನಲ್ಲಿ ಒಂದು ಆಸೆ ಇತ್ತು. ಅಷ್ಟೆಲ್ಲ ಗೊತ್ತಿದ್ದೂ, ದಿನಾ ತಮ್ಮ ಕೈಯಿಂದಲೇ ಅಳಿಸಿದ್ದರೂ, ಅವರೂ ಅಷ್ಟು ದಿನ ಆ ದೀಪವನ್ನೇ ನಂಬಿ ಕುಳಿತಿದ್ದರು ಎಂದು ಆಗ ಗೊತ್ತಾಯಿತು. ನಾನು ಕಿಟಕಿಯ ಹೊರಗೆ ನೋಡಿದೆ.

ಮನೆಗೆ ಬಂದು ಕೈಕಾಲು ತೊಳೆದು ಮಗಳಿಗೆ ಫೋನು ಹಚ್ಚಿದೆ. ಎಲ್ಲ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಅಳುವುದಿದ್ದರೆ ಇಬ್ಬರೂ ಸೇರಿ ಅಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಫೋನು ಎತ್ತಿದವಳು ಏದುಸಿರು ಬಿಡುತ್ತಿದ್ದಳು. ಮೂರನೇ ಮಹಡಿಯ ಮೆಟ್ಟಿಲು ಹತ್ತಿ ಈಗ ಬಂದೆ ಅಮ್ಮ, ಹೊಟ್ಟೆಯಲ್ಲಿ ಇವನು ಒದೆಯುತ್ತಿದ್ದಾನೆ ಎಂದು ನಕ್ಕಳು. ಬಸುರಿ ಹೆಂಗಸಿನ ಕಿವಿಗೆ ಕೆಟ್ಟ ಸುದ್ದಿ ಹಾಕುವುದಿಲ್ಲ ನಮ್ಮಲ್ಲಿ. ಸತ್ತ ಮನೆಯ ಸುದ್ದಿಯನ್ನೂ ಹೆರಿಗೆ ಆಗುವವರೆಗೆ ಹೇಳದೆ ಇಟ್ಟದ್ದನ್ನು ನಾನು ಕಂಡಿದ್ದೇನೆ. ಜೋಡಿಸಿಕೊಂಡು ಬಂದ ಮಾತು ಬಿಟ್ಟುಬಿಟ್ಟೆ.

"ಮಗಾ, ನೀ ಈಗ್ಲೇ ಬಾ" ಎಂದೆ.

"ಈಗ್ಲೇ? ಒಂಬತ್ತ್ ಹಿಡಿಯುಕ್ ಮುಂಚೆ ಸಾಕ್ ಅಂದಿದ್ಯಲೆ. ಎಂತ ಆಯ್ತ್ ಅಮ್ಮ?"

"ಎಂತ ಇಲ್ಲ. ಕಾರ್ ಸಮಾ ಆಯ್ತ್. ಅಪ್ಪ ಬೈಂದೂರ್ ಸ್ಟೇಷನ್ನಿಗೆ ಬತ್ರ್."

"ದೀಪ?"

ಬಾಗಿಲಲ್ಲಿ ಗಂಡ ನಿಂತಿದ್ದರು, ಹೆಗಲ ಮೇಲೆ ಟವೆಲು. ಅವರನ್ನು ನೋಡಿಕೊಂಡೇ ಹೇಳಿದೆ.

"ಹೋಯ್ತ್ ಮಗಾ."

ಅವಳು ಅಳುತ್ತ ನಗುತ್ತ, "ಹೌದಾ ಅಮ್ಮ? ತನ್ನಷ್ಟಕ್ಕೇ ಹೋಯ್ತಾ?" ಎಂದು ಕೇಳಿದಳು.

"ಹ್ಞಾಂ, ತನ್ನಷ್ಟಕ್ಕೇ" ಎಂದೆ. ನಾಳೆಯೇ ಟಿಕೆಟು ನೋಡುತ್ತೇನೆ ಎಂದು ಅವಳು ಫೋನಿಟ್ಟಳು. ಗಂಡ ಒಂದು ಬಾಲ್ದಿ ನೀರು ತೆಗೆದುಕೊಂಡು, ಕಾರಿನ ಹಿಂದಿನ ಸೀಟು ತೊಳೆಯಲು ಅಂಗಳಕ್ಕೆ ಇಳಿದರು.